ಶಾಲೆ ತಡವಾಗಿ ಶುರುವಾದರೆ ಮಕ್ಕಳು ಇನ್ನೂ ತಡವಾಗಿ ಮಲಗ್ತಾರೆ, ಅಲ್ವಾ?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಬೆಳಗ್ಗೆ 5.30ಕ್ಕೆ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಹೈಸ್ಕೂಲಿಗೆ ಶಾಲೆ ಸ್ವಲ್ಪ ತಡವಾಗಿ ಶುರು ಮಾಡಿ ಎಂದು ಪೋಷಕರ ಸಭೆಯಲ್ಲಿ ಕೇಳಬೇಕೆಂದಿದ್ದೇನೆ. ನಮ್ಮ ಯಜಮಾನರು, "ಇನ್ನೂ ಒಂದು ಗಂಟೆ ಜಾಸ್ತಿ ಮೊಬೈಲ್ ನೋಡ್ತಾನೆ, ಅಷ್ಟೇ" ಅನ್ನುತ್ತಾರೆ. ಯಾರು ಹೇಳೋದು ಸರಿ?

ಉತ್ತರ: ಮುಕ್ಕಾಲು ಪಾಲು ನೀವು ಹೇಳೋದೇ ಸರಿ. ಯಜಮಾನರ ಅನುಮಾನವನ್ನು ಅಮೆರಿಕದಲ್ಲಿ ಅಳೆದೇ ನೋಡಿದ್ದಾರೆ. ಸಿಯಾಟಲ್ ನಗರದ ಹೈಸ್ಕೂಲುಗಳು 2016ರಲ್ಲಿ ಬೆಳಗಿನ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿದವು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಎರಡು ಶಾಲೆಗಳ ಮಕ್ಕಳ ಕೈಗೆ ವಾಚಿನಂಥ ಸಾಧನ ಕಟ್ಟಿ, ಬದಲಾವಣೆಗೆ ಮೊದಲು ಮತ್ತು ಆಮೇಲೆ ನಿದ್ದೆ ಲೆಕ್ಕ ಹಾಕಿದರು. ಮೊದಲು 6 ಗಂಟೆ 50 ನಿಮಿಷ ಇದ್ದ ನಿದ್ದೆ 7 ಗಂಟೆ 24 ನಿಮಿಷಕ್ಕೆ ಏರಿತ್ತು. ಮಲಗುವ ಹೊತ್ತು ಅಷ್ಟೇನೂ ಮುಂದೆ ಹೋಗಿರಲಿಲ್ಲ, ಏಳುವ ಹೊತ್ತು ಹೋಗಿತ್ತು. ಕೊಟ್ಟಿದ್ದು 55 ನಿಮಿಷ, ನಿದ್ದೆಗೆ ಸೇರಿದ್ದು 34. ಉಳಿದದ್ದನ್ನು ಯಜಮಾನರ ಲೆಕ್ಕಕ್ಕೆ ಬರೆದುಕೊಳ್ಳಿ!

ಹೀಗೇಕೆ? ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಕೆಲವರಲ್ಲಿ ಈ ವ್ಯತ್ಯಾಸ ಎರಡು ಗಂಟೆಯವರೆಗೂ ಹೋಗುತ್ತದೆ. ಒಂಬತ್ತಕ್ಕೇ ಮಲಗು ಎಂದು ಗದರಿದರೆ ಮಲಗುತ್ತಾನೆ, ಆದರೆ ಕಣ್ಣುಬಿಟ್ಟುಕೊಂಡು ಫ್ಯಾನ್ ನೋಡುತ್ತಿರುತ್ತಾನೆ. ಮೊಬೈಲ್ ಬೆಳಕು ಇದನ್ನು ಇನ್ನಷ್ಟು ಕೆಡಿಸುತ್ತದೆ, ನಿಜ. ಆದರೆ ಮೇರಿ ಕಾರ್ಸ್ಕಾಡನ್ ಅವರಂಥ ನಿದ್ರಾತಜ್ಞರು ಇದನ್ನು ಗುರುತಿಸಿದ್ದು ಸ್ಮಾರ್ಟ್‌ಫೋನ್ ಹುಟ್ಟುವುದಕ್ಕೂ ಮೊದಲು, 1990ರ ದಶಕದಲ್ಲಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ನಿದ್ದೆ ಹತ್ತಿ 5.30ಕ್ಕೆ ಎದ್ದರೆ ಆರೂವರೆ ಗಂಟೆಯಷ್ಟೇ ಆಯಿತು.

ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತೆ ಅಂತ ಅಜ್ಜಿ ಹೇಳಬಹುದು. ಎಂಟಕ್ಕೇ ದೀಪ ಆರಿಸುತ್ತಿದ್ದ ಮನೆಗಳ ಮಾತು ಅದು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಈ ವಯಸ್ಸಿನವರ ಶಾಲೆ 8.30ಕ್ಕಿಂತ ಮೊದಲು ಬೇಡ ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಹೈಸ್ಕೂಲುಗಳಿಗೆ ಇದೇ ಕಾನೂನು, ಹಳ್ಳಿಗಾಡಿನ ಶಾಲೆಗಳಿಗೆ ಮಾತ್ರ ವಿನಾಯಿತಿ. ನಮ್ಮ ಪಕ್ಕದ ಮಹಾರಾಷ್ಟ್ರ 2024ರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಒಂಬತ್ತಕ್ಕೆ ಮೊದಲು ಪಾಠ ಬೇಡ ಎಂದಿತು. ಒಳ್ಳೆಯದೇ. ಆದರೆ ಬೆಳಗ್ಗೆ ತಾವಾಗಿಯೇ ಎದ್ದು ಮನೆಯವರನ್ನೆಲ್ಲ ಎಬ್ಬಿಸುವವರು ಆ ಚಿಕ್ಕ ಮಕ್ಕಳೇ ಅಲ್ವಾ? ನಿಜಕ್ಕೂ ತಡ ಬೇಕಾಗಿರುವುದು ಅವರ ಅಣ್ಣ-ಅಕ್ಕಂದಿರಿಗೆ.

ತಮಾಷೆ ಏನೆಂದರೆ, ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪ್ರಾರ್ಥನೆ ಶುರುವಾಗುವುದೇ ಒಂಬತ್ತೂವರೆ-ಹತ್ತರ ಸುಮಾರಿಗೆ. ತೊಂದರೆ ಹೆಚ್ಚಾಗಿ ನಗರದ ಖಾಸಗಿ ಶಾಲೆಗಳದ್ದು. ಅಲ್ಲೂ ಅಸಲಿ ಸಮಸ್ಯೆ ಶಾಲೆಯ ಗಂಟೆಯಲ್ಲ, ಬಸ್ಸು. 8.15ರ ಶಾಲೆಗೆ ಮೊದಲ ಸ್ಟಾಪಿನ ಹುಡುಗ 6.30ಕ್ಕೇ ಯೂನಿಫಾರ್ಮ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಶಾಲಾ ಸಮಯ ಬದಲಿಸುವ ಮಾತು ಹೈಕೋರ್ಟಿನಿಂದಲೇ ಬಂದಿತ್ತು. ಆದರೆ ಅಲ್ಲಿ ಚರ್ಚೆಯಾಗಿದ್ದು ಟ್ರಾಫಿಕ್, ಮಕ್ಕಳ ನಿದ್ದೆಯಲ್ಲ.

ಆದ್ದರಿಂದ ಸಭೆಯಲ್ಲಿ ಸುಮ್ನೆ "ತಡ ಮಾಡಿ" ಅನ್ನಬೇಡಿ. ಬಸ್ಸು ಎರಡು ಟ್ರಿಪ್ ಹೊಡೆಯುವುದಾದರೆ ಮೊದಲನೆಯದು ಪ್ರೈಮರಿ ಮಕ್ಕಳಿಗೆ, ಎರಡನೆಯದು ಹೈಸ್ಕೂಲಿನವರಿಗೆ ಆಗಲಿ ಎನ್ನಿ. ಸಿಯಾಟಲ್‌ನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಬೆಳಗಿನ ಸ್ಪೆಷಲ್ ಕ್ಲಾಸನ್ನು ಸಂಜೆಗೆ ಹಾಕಿ ಎಂದು ಕೇಳಿ. ಅದು ಹಾಗೇ ಉಳಿದರೆ ಗಂಟೆ ಸರಿಸಿಯೂ ಉಪಯೋಗವಿಲ್ಲ.

ಮನೆಯ ಲೆಕ್ಕವನ್ನೂ ಒಯ್ಯಿರಿ. ದಸರಾ ರಜೆಯ ಮೊದಲ ನಾಲ್ಕು ದಿನ ಬಿಡಿ, ಅವನು ಹಳೇ ನಿದ್ದೆಯ ಬಾಕಿ ತೀರಿಸುತ್ತಿರುತ್ತಾನೆ. ಆಮೇಲೆ ರಾತ್ರಿ ಹತ್ತಕ್ಕೆ ಮೊಬೈಲ್ ಹಾಲ್‌ನಲ್ಲಿ ಇಡಿಸಿ, ಅಲಾರಾಂ ಇಲ್ಲದೆ ಬಿಡಿ. ಎಷ್ಟಕ್ಕೆ ನಿದ್ದೆ ಹೋದ, ಎಷ್ಟಕ್ಕೆ ತಾನಾಗಿ ಎದ್ದ ಅಂತ ಯಜಮಾನರ ಕೈಯಲ್ಲೇ ಬರೆಸಿ.