1988ರ ಅಕ್ಟೋಬರ್ 5ರಂದು ನೀವೆಲ್ಲಿದ್ದಿರಿ?

ಅಮೆಜಾನ್ ಬಗ್ಗೆ ನಮ್ಮಲ್ಲಿ ಸುದ್ದಿ ಬರುವುದು ಕಾಡಿಗೆ ಬೆಂಕಿ ಬಿದ್ದಾಗ. ಅದೂ ಎರಡು ದಿನ, ಅಷ್ಟೇ. ಆದರೆ ಬ್ರೆಜಿಲ್‌ನ ಮೂಲನಿವಾಸಿಗಳು ವರ್ಷಗಳಿಂದ ಬೀದಿಗಿಳಿದಿರುವುದು ಒಂದು ತಾರೀಖಿನ ವಿಚಾರಕ್ಕೆ. ಅಲ್ಲಿ ಅದಕ್ಕೆ ಮಾರ್ಕೊ ಟೆಂಪೊರಾಲ್, ಅಂದರೆ ಕಾಲದ ಗಡಿ ಅಂತಾರೆ. ಕೋರ್ಟ್ ಬೇಡ ಅಂದಿದ್ದನ್ನು ಸಂಸತ್ತು ಬೇಕು ಅಂತು, ಅಧ್ಯಕ್ಷರು ತಡೆದಿದ್ದನ್ನು ಸಂಸತ್ತು ಮತ್ತೆ ಎತ್ತಿ ನಿಲ್ಲಿಸಿತು, ಆಮೇಲೆ ಪುನಃ ಕೋರ್ಟು. ಮಧ್ಯದಿಂದ ಓದಲು ಶುರು ಮಾಡಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ವಾದ ಇಷ್ಟೇ. 1988ರ ಅಕ್ಟೋಬರ್ 5 ಬ್ರೆಜಿಲ್‌ನ ಈಗಿನ ಸಂವಿಧಾನ ಜಾರಿಗೆ ಬಂದ ದಿನ. ಅವತ್ತು ಒಂದು ಬುಡಕಟ್ಟು ಯಾವ ನೆಲದಲ್ಲಿ ಇತ್ತೋ, ಅಥವಾ ಯಾವ ನೆಲಕ್ಕಾಗಿ ಹೋರಾಡುತ್ತಿತ್ತೋ, ಅದು ಮಾತ್ರ ಅವರದು. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಎಲ್ಲದಕ್ಕೂ ಒಂದು ಗಡುವು ಬೇಕಲ್ಲ. ನಮ್ಮ ಅರಣ್ಯ ಹಕ್ಕು ಕಾಯ್ದೆಯಲ್ಲೂ 2005ರ ಡಿಸೆಂಬರ್ 13 ಅಂತ ಒಂದು ತಾರೀಖಿದೆ. ತೊಡಕು ಇರುವುದು ಆ ದಿನಕ್ಕಿಂತ ಮುಂಚೆ ಏನಾಯಿತು ಅನ್ನುವುದರಲ್ಲಿ.

1500ರಲ್ಲಿ ಪೋರ್ಚುಗೀಸರು ಬಂದರು, ಅವರ ಹಿಂದೆ ರೋಗ ಬಂತು, ಗುಲಾಮಗಿರಿ ಬಂತು, ರಬ್ಬರ್ ವ್ಯಾಪಾರ ಬಂತು. ನಾಲ್ಕು ಶತಮಾನ ಹೀಗೆ ಹೋಯಿತು. 1910ರಲ್ಲಿ ಮೂಲನಿವಾಸಿಗಳ ರಕ್ಷಣೆಗೆ ಅಂತ ಸರ್ಕಾರ ಒಂದು ಇಲಾಖೆ ಮಾಡಿತು. 1967ರಲ್ಲಿ ಸರ್ಕಾರದ್ದೇ ತನಿಖೆ ನಡೆದಾಗ, ರಕ್ಷಿಸಬೇಕಾದ ಇಲಾಖೆಯ ಕೆಲವರೇ ಕೊಲೆ, ಹಿಂಸೆ, ಜಮೀನು ಕಬಳಿಕೆಯಲ್ಲಿ ಕೈಹಾಕಿದ್ದು ಸುಮಾರು 7,000 ಪುಟಗಳಲ್ಲಿ ದಾಖಲಾಯಿತು. ಇಲಾಖೆ ಮುಚ್ಚಿದರು, ಫುನಾಯ್ ಅಂತ ಹೊಸದು ತೆರೆದರು. ವರದಿ ಮಾತ್ರ ಕಾಣೆಯಾಗಿ, ಮತ್ತೆ ಬೆಳಕಿಗೆ ಬಂದಿದ್ದು 2013ರಲ್ಲಿ.

ಗಂಟು ಬಿಗಿಯಾಗಿದ್ದು 1970ರ ದಶಕದಲ್ಲಿ. ಆಗ ಮಿಲಿಟರಿ ಆಡಳಿತ. ಕಾಡನ್ನು ಸೀಳಿಕೊಂಡು ಹೆದ್ದಾರಿಗಳು ಹೊರಟವು. ಜನರಿಲ್ಲದ ನೆಲವನ್ನು ನೆಲವಿಲ್ಲದ ಜನರಿಗೆ ಕೊಡುತ್ತೇವೆ ಅನ್ನುವುದು ಆಗಿನ ಘೋಷಣೆ. ಜನರಿಲ್ಲದ ನೆಲವಂತೆ! ಕುಯಾಬಾದಿಂದ ಸಾಂತರೆಂಗೆ ಹೋಗುವ ಹೆದ್ದಾರಿಯ ದಾರಿಯಲ್ಲೇ ಪನಾರಾ ಅನ್ನುವ ಜನ ಇದ್ದರು, ಹೊರಗಿನವರಿಂದ ದೂರ ಉಳಿದು ಬದುಕಿದ್ದವರು. 1973ರಲ್ಲಿ ಸರ್ಕಾರದ ತಂಡ ಅವರನ್ನು ತಲುಪಿತು. ಜೊತೆಗೆ ಜ್ವರ, ಭೇದಿಯೂ ತಲುಪಿದವು. ಎರಡೇ ವರ್ಷದಲ್ಲಿ ಹೆಚ್ಚಿನವರು ಸತ್ತರು. 1975ರಲ್ಲಿ, ಉಳಿದಿದ್ದ 79 ಜನರನ್ನು ವಿಮಾನಕ್ಕೆ ಹತ್ತಿಸಿ ಮೂಲನಿವಾಸಿಗಳಿಗೆ ಅಂತ ಮೀಸಲಿಟ್ಟ ದೂರದ ಶಿಂಗೂ ಪಾರ್ಕಿಗೆ ಸಾಗಿಸಿದರು. ಅಲ್ಲಿನ ನೆರೆಹೊರೆಯಲ್ಲಿ ಅವರ ಹಳೇ ವೈರಿಗಳೂ ಇದ್ದರು. 1990ರ ದಶಕದಲ್ಲಿ ಪನಾರಾ ಹಿರಿಯರು ತಮ್ಮ ಊರು ಹುಡುಕಿಕೊಂಡು ವಾಪಸ್ ಬಂದಾಗ ಬಹುಪಾಲು ಜಾಗ ಚಿನ್ನದ ಗಣಿಗೆ, ದನದ ಹುಲ್ಲುಗಾವಲಿಗೆ ಹೋಗಿತ್ತು. ಉಳಿದಿದ್ದ ಕಾಡಿನ ಭಾಗಕ್ಕಾಗಿ ಅವರು ಹೋರಾಡಿ ಗೆದ್ದು ಅಲ್ಲೇ ಮತ್ತೆ ನೆಲೆಸಿದರು. ಸರ್ಕಾರ ಪರಿಹಾರ ಕೊಡಬೇಕು ಅಂತ ಕೋರ್ಟ್ ಕೂಡ ಹೇಳಿತು.

ಈಗ ಪನಾರಾಗಳನ್ನು ಕೇಳಿ ನೋಡಿ, 1988ರ ಅಕ್ಟೋಬರ್ 5ರಂದು ನಿಮ್ಮ ಊರಲ್ಲಿ ಇದ್ದಿರಾ ಅಂತ. ಇರಲಿಲ್ಲ. ಮನೆಯವರನ್ನು ಆಚೆ ಹಾಕಿ ಬೀಗ ಜಡಿದು, ಆಮೇಲೆ ಜನಗಣತಿಗೆ ಬಂದು ಮನೆ ಖಾಲಿ ಇದೆ ಅಂತ ಬರೆದುಕೊಂಡ ಹಾಗಾಯಿತು ಇದು.

ಹೋರಾಟ ನಡೆಯುತ್ತಿತ್ತು ಅಂತ ತೋರಿಸಿದರೂ ಸಾಕು ಅಂತಾರೆ. ಆದರೆ ಆಗಿನ ಕಾನೂನಿನಲ್ಲಿ ಮೂಲನಿವಾಸಿಗಳು ಸರ್ಕಾರದ ಪಾಲನೆಯಲ್ಲಿ ಇರುವವರು, ಒಂಥರಾ ಅಪ್ರಾಪ್ತರು. ತಮ್ಮ ಪರವಾಗಿ ತಾವೇ ದಾವೆ ಹೂಡಬಹುದು ಅಂತ ಸ್ಪಷ್ಟವಾಗಿ ಬರೆದುಕೊಟ್ಟಿದ್ದೇ 1988ರ ಸಂವಿಧಾನ. ಕೋರ್ಟಿಗೆ ಹೋಗುವ ಹಕ್ಕು ಸಿಕ್ಕ ದಿನಕ್ಕೆ ಮುಂಚೆಯೇ ಕೋರ್ಟಿನಲ್ಲಿ ಇರಬೇಕಿತ್ತು ಅಂದರೆ ಹೇಗೆ?

ಆ ಸಂವಿಧಾನವೇನೂ ಸುಮ್ನೆ ಸಿಕ್ಕಿದ್ದಲ್ಲ. 1987ರಲ್ಲಿ ಮೂಲನಿವಾಸಿ ನಾಯಕ ಐಲ್ಟನ್ ಕ್ರೆನಾಕ್ ಬಿಳಿ ಸೂಟು ಹಾಕಿಕೊಂಡು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ ಮಾತಾಡುತ್ತಾ ಪ್ರತಿಭಟನೆಯಾಗಿ ಮುಖಕ್ಕೆಲ್ಲ ಜೆನಿಪಾಪೊ ಕಾಯಿಯ ಕಪ್ಪು ಬಳಿದುಕೊಂಡರು. ಕೊನೆಗೆ 231ನೇ ವಿಧಿ ಬಂತು: ತಲೆತಲಾಂತರದಿಂದ ಇರುವ ನೆಲದ ಮೇಲೆ ಅವರಿಗೆ ಮೂಲ ಹಕ್ಕು. ಸರ್ಕಾರ ಆ ಹಕ್ಕನ್ನು ಕೊಡುವುದಲ್ಲ, ಇದೆ ಅಂತ ಒಪ್ಪುವುದು. ಐದು ವರ್ಷದೊಳಗೆ ಎಲ್ಲ ಜಾಗಗಳ ಗಡಿ ಗುರುತಿಸಬೇಕು ಅಂತಲೂ ಬರೆದರು. 1992ರಲ್ಲಿ ಅಮೆಜಾನ್‌ನ ಯಾನೊಮಾಮಿ ಬುಡಕಟ್ಟಿಗೆ ಸುಮಾರು 96,000 ಚದರ ಕಿಲೋಮೀಟರ್, ಅಂದರೆ ಅರ್ಧ ಕರ್ನಾಟಕದಷ್ಟು ಕಾಡು ಗುರುತಾಯಿತು. ಆದರೆ 1993ರ ಗಡುವು ಬಂತು, ಹೋಯಿತು. ಕೆಲಸ ಇನ್ನೂ ಮುಗಿದಿಲ್ಲ.

ತಾರೀಖಿನ ವಾದಕ್ಕೆ ಬಲ ಬಂದಿದ್ದು 2009ರಲ್ಲಿ. ರಪೋಸಾ ಸೆರ್ರಾ ದೊ ಸೋಲ್ ಅನ್ನುವ ಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದು ಮೂಲನಿವಾಸಿಗಳೇ. ಆದರೆ ಆ ತೀರ್ಪಿನಲ್ಲೇ 1988ರ ದಿನಾಂಕವೂ ಸೇರಿಕೊಂಡಿತ್ತು. ಅದನ್ನೇ ಹಿಡಿದು ಜಮೀನುದಾರರ ಪರ ವಕೀಲರು ಬೇರೆ ಕಡೆ ವಾದಿಸಿದರು, 2017ರಲ್ಲಿ ಸರ್ಕಾರದ ವಕೀಲರ ಕಚೇರಿಯೂ ಒಪ್ಪಿತು. 2019ರಿಂದ 2022ರವರೆಗೆ ಮೂಲನಿವಾಸಿಗಳ ಒಂದೇ ಒಂದು ಜಾಗದ ಗಡಿಯೂ ಅಂತಿಮವಾಗಲಿಲ್ಲ.

ಕಡೆಗೆ ನಿರ್ಣಾಯಕ ಪ್ರಕರಣ ಬಂದಿದ್ದು ಅಮೆಜಾನ್‌ನಿಂದಲ್ಲ, ದಕ್ಷಿಣದ ಸಾಂತಾ ಕತರೀನಾ ರಾಜ್ಯದ ಶೊಕ್ಲೆಂಗ್ ಜನರಿಂದ. ವಲಸಿಗರಿಗೆ ಜಮೀನು ಬಿಡಿಸಿಕೊಡಲು ಕೂಲಿ ಬೇಟೆಗಾರರನ್ನು ಇಟ್ಟು ಇವರನ್ನು ಕೊಲ್ಲಿಸಿದ ಚರಿತ್ರೆ ಅಲ್ಲಿದೆ. 2021ರ ಆಗಸ್ಟ್‌ನಲ್ಲಿ ಸುಮಾರು 6,000 ಮೂಲನಿವಾಸಿಗಳು ರಾಜಧಾನಿ ಬ್ರಸಿಲಿಯಾದಲ್ಲಿ ಟೆಂಟು ಹಾಕಿ ಕೂತರು. 2023ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ 9-2 ಮತಗಳಿಂದ ತಾರೀಖಿನ ವಾದವನ್ನು ತಳ್ಳಿಹಾಕಿತು. ಆರೇ ದಿನದಲ್ಲಿ ಸೆನೆಟ್ ಅದೇ ವಾದವನ್ನು ಮಸೂದೆಯಾಗಿ ಪಾಸು ಮಾಡಿತು. ಅಧ್ಯಕ್ಷ ಲುಲಾ ಮುಖ್ಯ ಭಾಗಗಳನ್ನು ತಡೆದರು, ಡಿಸೆಂಬರ್‌ನಲ್ಲಿ ಸಂಸತ್ತು ಆ ತಡೆಯನ್ನೂ ತೆಗೆಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ರಾಜಿ ಮಾತುಕತೆಗೆ ಸಮಿತಿ ಮಾಡಿತು. ಮೂಲನಿವಾಸಿಗಳ ಒಕ್ಕೂಟ ಅದೇ ವರ್ಷದ ಆಗಸ್ಟ್‌ನಲ್ಲಿ ಸಮಿತಿಯಿಂದ ಎದ್ದು ಹೊರಬಂತು. ಸಂವಿಧಾನ ಒಪ್ಪಿಕೊಂಡ ಹಕ್ಕಿನಲ್ಲಿ ಚೌಕಾಸಿ ಮಾಡುವುದೇನಿದೆ ಅನ್ನುವುದು ಅವರ ನಿಲುವು. ನನಗೂ ಅದು ಸರಿ ಅನಿಸುತ್ತದೆ.

ಇದು ಬರೀ ಜಮೀನಿನ ಜಗಳವೂ ಅಲ್ಲ. ಉಪಗ್ರಹ ಚಿತ್ರಗಳ ಪ್ರಕಾರ ಮೂವತ್ತು ವರ್ಷಗಳಲ್ಲಿ ಮೂಲನಿವಾಸಿಗಳ ನೆಲದಲ್ಲಿ ಹಾಳಾದ ಸಹಜ ಹಸಿರು ಸುಮಾರು 1%. ಖಾಸಗಿ ಜಮೀನಿನಲ್ಲಿ ಅದು ಸುಮಾರು 20%. ಆದರೂ ಹೊಸ ಯೋಜನೆಗಳು ನಿಂತಿಲ್ಲ. ತಪಜೋಸ್ ನದಿಯ ಮುಂಡುರುಕು ಜನ ಈಗ ಸೋಯಾ, ಮೆಕ್ಕೆಜೋಳ ಸಾಗಿಸಲು ಯೋಜಿಸಿರುವ ಫೆರೊಗ್ರಾವ್ ಎಂಬ ರೈಲು ಮಾರ್ಗವನ್ನು ವಿರೋಧಿಸುತ್ತಿದ್ದಾರೆ. ಅದು ಹೋಗುವುದು ಪನಾರಾಗಳ ನೆಲಕ್ಕೆ ಬಂದಿದ್ದ ಅದೇ ಹೆದ್ದಾರಿಯ ಪಕ್ಕದಲ್ಲಿ.