ಓಬಿಜಿ ಪೋಸ್ಟಿಂಗ್: ಮೊದಲು ವಾರದ ಲೆಕ್ಕ, ಉಳಿದದ್ದು ಆಮೇಲೆ

ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಪೋಸ್ಟಿಂಗ್‌ಗೆ ಹೊರಟ ವೈದ್ಯ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಒಂದೇ. ಗರ್ಭಕ್ಕೆ ಎಷ್ಟು ವಾರ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ನೋವು ಬೇಗ ಬಂದಿದೆಯೋ, ದಿನ ಮೀರಿದೆಯೋ, ಮಗು ಸರಿಯಾಗಿ ಬೆಳೆಯುತ್ತಿಲ್ಲವೋ ಎಂದು ಹೇಳಬೇಕಾದರೆ ಮೊದಲು ಆ ಸಂಖ್ಯೆ ಬೇಕು. ಈ ಟಿಪ್ಪಣಿಯ ಮುಕ್ಕಾಲು ಭಾಗ ಅದಕ್ಕೇ ಹೋಗಿದೆ, ಸಹಿಸಿಕೊಳ್ಳಿ.

ಎಲ್‌ಎಂಪಿ (ಕೊನೆಯ ಮುಟ್ಟಿನ ಮೊದಲ ದಿನ) ಕೇಳುವುದು

"ಕೊನೆ ಸಲ ಮುಟ್ಟಾಗಿದ್ದು ಯಾವಾಗಮ್ಮಾ?" ಎಂದರೆ ತಾರೀಖು ಸಿಗುವುದು ಕಮ್ಮಿ. "ಏಳು ತುಂಬಿ ಎಂಟರಲ್ಲಿ ಬಿದ್ದಿದೆ" ಅನ್ನುತ್ತಾರೆ. ಇಲ್ಲವೇ ಹಬ್ಬ, ಅಮಾವಾಸ್ಯೆ ಹಿಡಿದು ಹೇಳುತ್ತಾರೆ. "ಪಂಚಮಿ ಮರುದಿನ ರೀ" ಎಂದರೆ ಫೋನಿನಲ್ಲಿ ಕ್ಯಾಲೆಂಡರ್ ತೆಗೆಯಿರಿ. 2024ರ ನಾಗರ ಪಂಚಮಿ ಆಗಸ್ಟ್ 9ಕ್ಕೆ ಇತ್ತು, ಹಾಗಾಗಿ ಎಲ್‌ಎಂಪಿ ಆಗಸ್ಟ್ 10. ಅದು ಮುಟ್ಟಿನ ಮೊದಲ ದಿನವೋ, ನಿಂತ ದಿನವೋ ಎಂದು ಕೇಳಲೇಬೇಕು. ಹಿಂದಿನ ಮೂರು ತಿಂಗಳು ಸರಿಯಾಗಿ ಆಗಿತ್ತಾ, ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರಾ, ಮೊದಲ ಮಗುವಿಗೆ ಹಾಲು ಕುಡಿಸುತ್ತಿದ್ದರಾ ಎಂದೂ ಕೇಳಿ. ತಾಯಿ ಕಾರ್ಡ್ ಇದ್ದರೆ ಅದರಲ್ಲಿ ಬರೆದಿರುವುದಕ್ಕೆ ತಾಳೆ ಹಾಕಿ.

ಇಡಿಡಿ, ಅಂದರೆ ಹೆರಿಗೆಯ ಅಂದಾಜು ದಿನ, ಸುಲಭ: ಎಲ್‌ಎಂಪಿಗೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಿ. ಆಗಸ್ಟ್ 10 ಇದ್ದದ್ದು ಮೇ 17, 2025 ಆಗುತ್ತದೆ.

ಇವತ್ತಿಗೆ ಎಷ್ಟು ವಾರ?

ತಲೆ ಕೆಡುವುದು ಇಲ್ಲಿ. ಆಕೆ ಮಾರ್ಚ್ 20ಕ್ಕೆ ಓಪಿಡಿಗೆ ಬಂದರು ಅಂದುಕೊಳ್ಳಿ. ಏಳು ತಿಂಗಳು ಹತ್ತು ದಿನ ಆಯಿತು, ಏಳು ನಾಲ್ಕಲಿ ಇಪ್ಪತ್ತೆಂಟು, ಮೇಲೆ ಹತ್ತು ದಿನ, ಒಟ್ಟು 29 ವಾರ 3 ದಿನ ಅಂದರೆ ತಪ್ಪು. ತಿಂಗಳಿಗೆ ನಾಲ್ಕು ವಾರ ಮಾತ್ರ ಅಲ್ಲ, ಮೇಲೆ ಎರಡೋ ಮೂರೋ ದಿನ ಉಳಿಯುತ್ತದೆ. ಆಗಸ್ಟ್ 10ರಿಂದ ಮಾರ್ಚ್ 10ರವರೆಗೆ ಉಳಿದದ್ದನ್ನು ಸಾಲಾಗಿ ಕೂಡಿಸಿ: 3, 2, 3, 2, 3, 3, ಫೆಬ್ರವರಿಗೆ 0. ಒಟ್ಟು 16. ಅಂದರೆ 28 ವಾರ 16 ದಿನ. ಅದಕ್ಕೆ ಮಾರ್ಚ್‌ನ ಹತ್ತು ದಿನ ಸೇರಿಸಿದರೆ 31 ವಾರ 5 ದಿನ. ಎರಡು ವಾರಕ್ಕೂ ಜಾಸ್ತಿ ವ್ಯತ್ಯಾಸ!

ಇಷ್ಟೆಲ್ಲಾ ಕೂಡುವ ಬದಲು ಹಿಂದಿನಿಂದ ಎಣಿಸಿ. ಇಡಿಡಿಗೆ ಇನ್ನೆಷ್ಟು ದಿನ ಇದೆ? ಮಾರ್ಚ್‌ನಲ್ಲಿ 11, ಏಪ್ರಿಲ್‌ನಲ್ಲಿ 30, ಮೇನಲ್ಲಿ 17. ಒಟ್ಟು 58 ದಿನ, ಅಂದರೆ 8 ವಾರ 2 ದಿನ. ಇಡಿಡಿಗೆ 40 ವಾರ ತುಂಬುತ್ತದೆ, ಅದರಲ್ಲಿ ಇದನ್ನು ಕಳೆದರೆ ಅದೇ 31 ವಾರ 5 ದಿನ. ವಾರ್ಡ್‌ನಲ್ಲಿ ಹೆಚ್ಚಿನವರು ದಿನ ತುಂಬುತ್ತಾ ಬಂದವರೇ ಆಗಿರುವುದರಿಂದ ಎಣಿಸಬೇಕಾದದ್ದು ಒಂದೆರಡು ತಿಂಗಳು ಅಷ್ಟೇ.

ಇನ್ನೊಂದು ಲಾಭ ಇದೆ. ಆಕೆಗೆ 35 ದಿನಕ್ಕೊಮ್ಮೆ ಮುಟ್ಟಾಗುತ್ತಿತ್ತು ಅಂದರೆ ಅಂಡ ಬಿಡುಗಡೆ ಒಂದು ವಾರ ತಡವಾಗಿರುತ್ತದೆ. ಆಗ ಇಡಿಡಿಗೆ ಏಳು ದಿನ ಸೇರಿಸಿ ಮೇ 24 ಎಂದು ಬರೆಯುತ್ತೇವೆ. ಆದರೆ ವಾರ ಎಣಿಸುವಾಗ ಮತ್ತೆ ಎಲ್‌ಎಂಪಿಯಿಂದಲೇ ಶುರು ಮಾಡಿದರೆ ಆ ತಿದ್ದುಪಡಿ ಮಾಯ. ಇಡಿಡಿ ಒಂದು ಹೇಳುತ್ತದೆ, ವಾರ ಇನ್ನೊಂದು ಹೇಳುತ್ತದೆ. ಹಿಂದಿನಿಂದ ಎಣಿಸಿದರೆ 30 ವಾರ 5 ದಿನ ಎಂದು ತಾನಾಗಿಯೇ ಸರಿಯಾಗಿ ಬರುತ್ತದೆ.

ಮೊದಲ ಮೂರು ತಿಂಗಳ ಸ್ಕ್ಯಾನ್ ಇದ್ದರೆ ಅದನ್ನೂ ನೋಡಿ. 9 ವಾರದಿಂದ 13 ವಾರ 6 ದಿನದೊಳಗೆ ಮಾಡಿಸಿದ ಸ್ಕ್ಯಾನ್‌ಗೂ ಎಲ್‌ಎಂಪಿಗೂ 7 ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ಯಾನಿನ ಇಡಿಡಿ ಹಿಡಿಯಿರಿ. ಹೀಗೆ ಒಮ್ಮೆ ಗಟ್ಟಿಯಾದ ಇಡಿಡಿಯನ್ನು ಎಂಟನೇ ತಿಂಗಳ ಸ್ಕ್ಯಾನ್ ನೋಡಿ ಬದಲಿಸಬೇಡಿ.

ಹೊಟ್ಟೆ ಪರೀಕ್ಷೆ

ಮೂತ್ರಕ್ಕೆ ಹೋಗಿ ಬರಲು ಹೇಳಿ. ಪರದೆ ಎಳೆಯಿರಿ, ಒಪ್ಪಿಗೆ ಕೇಳಿ. ಹುಡುಗರು ಸಿಸ್ಟರ್ ಅಥವಾ ಸಹಪಾಠಿ ಹುಡುಗಿಯರನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಗರ್ಭಕೋಶ ಬಲಕ್ಕೆ ತಿರುಗಿರುತ್ತದೆ. ಅದನ್ನು ನಡುವಿಗೆ ತಂದು, ಎಡಗೈ ಅಂಚಿನಿಂದ ಎತ್ತರ ನೋಡಿ. ನಮ್ಮ ಪುಸ್ತಕಗಳ ಲೆಕ್ಕದಲ್ಲಿ ಹೊಕ್ಕುಳ ಮಟ್ಟ 24 ವಾರ. ಅಲ್ಲಿಂದ ಎದೆಮೂಳೆಯ ತುದಿವರೆಗೆ ಮೂರು ಪಾಲು ಮಾಡಿದರೆ 28, 32, 36. ಕೊನೆಗೆ 40ಕ್ಕೆ ಮತ್ತೆ 32ರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಪಂಚಮಿ ಕೇಸ್‌ನಲ್ಲಿ 32ರ ಹತ್ತಿರ ಇರಬೇಕು. 28ರಲ್ಲೇ ನಿಂತಿದ್ದರೆ ಮಗು ಬೆಳೆಯುತ್ತಿಲ್ಲವೇ, ಮಗುವಿನ ಸುತ್ತಲಿನ ನೀರು ಕಮ್ಮಿಯೇ ಎಂದು ಯೋಚಿಸಬೇಕು. ಜಾಸ್ತಿ ಇದ್ದರೆ ಅವಳಿ, ನೀರು ಜಾಸ್ತಿ, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ). ಎರಡೂ ಕಡೆ ಪಟ್ಟಿಯ ಮೊದಲ ಉತ್ತರ ಮಾತ್ರ "ಡೇಟ್ಸ್ ತಪ್ಪಿರಬಹುದು". ನೋಡಿದಿರಾ, ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದೆವು.

ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಭಂಗಿ ತಿಳಿಯುವ ಗ್ರಿಪ್‌ಗಳ ಕ್ರಮ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಾಯಿಯ ಕಾಲಿನ ಕಡೆ ಮುಖ ಮಾಡಿ ನಿಲ್ಲುವುದು ಒಂದಕ್ಕೆ ಮಾತ್ರ, ಎರಡೂ ಕೈ ಬಳಸುವ ಪೆಲ್ವಿಕ್ ಗ್ರಿಪ್. ಪಾವ್ಲಿಕ್ ಗ್ರಿಪ್ ಒಂದೇ ಕೈಯದು, ನಿಮ್ಮ ಮುಖ ತಾಯಿಯ ಮುಖದ ಕಡೆಗೇ ಇರಬೇಕು.

ಚೂರುಪಾರು

ಹಿಂದಿನ ಗರ್ಭಪಾತದ ವಿಷಯ ಅತ್ತೆ ಎದುರಿಗೆ ಕೇಳಬೇಡಿ. ಜಿ2 ಪಿ1 ಎಲ್1 (ಎರಡನೇ ಗರ್ಭ, ಒಂದು ಹೆರಿಗೆ, ಬದುಕಿರುವ ಮಗು ಒಂದು) ಎಂದು ಬರೆದದ್ದು ಅವರು ಆಚೆ ಹೋದ ಮೇಲೆ ಜಿ3 ಆಗಬಹುದು.

ಪಾರ್ಟೋಗ್ರಾಂ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಚಾರ್ಟ್): ಹಳೆಯದರಲ್ಲಿ ಆಕ್ಟಿವ್ ಹಂತ ಗರ್ಭಕಂಠ 4 ಸೆಂಮೀ ತೆರೆದಾಗ ಶುರು, 2020ರ ಡಬ್ಲ್ಯೂಎಚ್‌ಓ ಲೇಬರ್ ಕೇರ್ ಗೈಡ್‌ನಲ್ಲಿ 5ಕ್ಕೆ. ನಿಮ್ಮ ಯೂನಿಟ್‌ನಲ್ಲಿ ಯಾವುದು ಎಂದು ಪಿಜಿಗಳನ್ನು ಕೇಳಿಕೊಳ್ಳಿ.

ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್, ಗರ್ಭಿಣಿಗೆ ಬಿಪಿ ಏರಿ ಬರುವ ಫಿಟ್ಸ್‌ಗೆ ಕೊಡುವ ಔಷಧಿ): ವೈವಾದಲ್ಲಿ "ಎಷ್ಟು ಆಂಪ್ಯೂಲ್?" ಎಂದು ಕೇಳುತ್ತಾರೆ. 50 ಪರ್ಸೆಂಟ್‌ನ 2 ಎಂಎಲ್ ಆಂಪ್ಯೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಪ್ರಿಚರ್ಡ್ ಕ್ರಮದಲ್ಲಿ ಮೊದಲು 4 ಗ್ರಾಂ ರಕ್ತನಾಳಕ್ಕೆ: ನಾಲ್ಕು ಆಂಪ್ಯೂಲ್, 8 ಎಂಎಲ್, ಅದಕ್ಕೆ 12 ಎಂಎಲ್ ಸಲೈನ್ ಸೇರಿಸಿ 20 ಎಂಎಲ್ ಮಾಡಿ ನಿಧಾನಕ್ಕೆ. ಆಮೇಲೆ ಎರಡೂ ಪೃಷ್ಠಕ್ಕೆ ಐದೈದು ಗ್ರಾಂ. ಒಟ್ಟು 14 ಆಂಪ್ಯೂಲ್. ನಾಲ್ಕು ಗಂಟೆಗೊಮ್ಮೆ ಮುಂದಿನ 5 ಗ್ರಾಂ ಕೊಡುವ ಮುಂಚೆ ಮಂಡಿಯ ರಿಫ್ಲೆಕ್ಸ್, ಉಸಿರಾಟ, ಮೂತ್ರ ಮೂರನ್ನೂ ನೋಡಬೇಕು. ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಮ್ಮಿ ಇದ್ದರೆ ಆ ಡೋಸ್ ಕೊಡುವ ಹಾಗಿಲ್ಲ. ವಿಷವೇರಿದರೆ ಕೊಡಬೇಕಾದ ಕ್ಯಾಲ್ಸಿಯಂ ಗ್ಲೂಕೋನೇಟ್ ನಿಮ್ಮ ಲೇಬರ್ ರೂಮಿನ ಯಾವ ಟ್ರೇಯಲ್ಲಿ ಇರುತ್ತದೆ ಎಂದು ಮೊದಲ ದಿನವೇ ಸಿಸ್ಟರ್ ಹತ್ತಿರ ಕೇಳಿ ನೋಡಿಟ್ಟುಕೊಳ್ಳಿ.