ಸಹಿ ಹಾಕಿದ ಮೇಲೂ ಕೇಳಬಹುದೇ? ಬೇಡದ ಶಸ್ತ್ರಚಿಕಿತ್ಸೆ ಮತ್ತು ಕಾನೂನಿನ ದಾರಿ

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ನನ್ನ ಅಕ್ಕನಿಗೆ 36 ವರ್ಷ. ಮುಟ್ಟಿನ ಸಮಯದಲ್ಲಿ ರಕ್ತಸ್ರಾವ ಹೆಚ್ಚಾಗುತ್ತಿತ್ತು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ, ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದರು. ಮೂರನೇ ದಿನವೇ ಆಪರೇಷನ್ ಆಯಿತು. ಭಾವ ಸಹಿ ಹಾಕಿದರು, ಅಕ್ಕನಿಂದಲೂ ಒಂದು ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿಕೊಂಡರು. ಆಮೇಲೆ ಮಣಿಪಾಲದಲ್ಲಿ ತೋರಿಸಿದಾಗ ಅಲ್ಲಿನ ವೈದ್ಯರು ಹಳೆಯ ಸ್ಕ್ಯಾನಿಂಗ್ ನೋಡಿ, ‘ಮೊದಲು ಮಾತ್ರೆ ಕೊಟ್ಟು ನೋಡಿರಲಿಲ್ಲವೇ?’ ಎಂದು ಕೇಳಿದರು. ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆ ಎಂಬುದು ನಮಗೆ ತಿಳಿದಿದ್ದೇ ಅಲ್ಲಿ. ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ಸಹಿ ಹಾಕಿದ ಮೇಲೆ ಏನಾದರೂ ಮಾಡಲು ಬರುತ್ತದೆಯೇ?

ಉತ್ತರ: ಬರುತ್ತದೆ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮಲೆನಾಡಿನ ಅನೇಕ ಮನೆಗಳಿಂದ ಬರುತ್ತದೆ. ಹೆಚ್ಚಿನವರು ಸಹಿಯ ಹತ್ತಿರವೇ ನಿಂತುಬಿಡುತ್ತಾರೆ. ‘ನಾವೇ ಒಪ್ಪಿದ್ದೇವಲ್ಲ, ಇನ್ನೇನು ಕೇಳುವುದು’ ಎಂದು ಕಾಗದಗಳನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾರೆ. ಒಪ್ಪಿಗೆ ಪತ್ರ ಇದೆ ಎಂದಾಕ್ಷಣ ಒಪ್ಪಿಗೆ ಇತ್ತು ಎಂದಾಗುವುದಿಲ್ಲ. ಏನನ್ನು ಹೇಳಿ, ಯಾವುದಕ್ಕೆ, ಯಾರಿಂದ ಒಪ್ಪಿಗೆ ಪಡೆದರು ಎಂಬುದನ್ನು ಕಾನೂನು ಕೇಳುತ್ತದೆ.

ನಿಮ್ಮ ಅಕ್ಕನ ವಿಷಯಕ್ಕೆ ತೀರಾ ಹತ್ತಿರವಾದ ತೀರ್ಪೊಂದಿದೆ: ಸಮೀರಾ ಕೊಹ್ಲಿ ಪ್ರಕರಣ. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಅತಿ ರಕ್ತಸ್ರಾವವೆಂದು ವೈದ್ಯರ ಬಳಿ ಹೋದರು. ಲ್ಯಾಪರೋಸ್ಕೋಪಿಯಿಂದ ಒಳಗೆ ನೋಡಿ ಕಾಯಿಲೆ ಪತ್ತೆ ಮಾಡುವುದಕ್ಕೆ ಒಪ್ಪಿಗೆ ಕೊಟ್ಟರು. ಅರಿವಳಿಕೆಯಲ್ಲಿದ್ದಾಗ ವೈದ್ಯರು ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅನಧಿಕೃತ ಎಂದಿತು. ಪ್ರಾಣಕ್ಕೆ ಕುತ್ತು ಬಂದ ತುರ್ತು ಇಲ್ಲದಿದ್ದಾಗ, ವಯಸ್ಕ ರೋಗಿ ಎಚ್ಚರಗೊಂಡ ಮೇಲೆ ಕೇಳಬಹುದಾಗಿದ್ದಾಗ, ಮನೆಯವರ ಒಪ್ಪಿಗೆ ಸಾಲದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟಂತಲ್ಲ. ಚಿಕಿತ್ಸೆ ಏನು, ಏಕೆ, ಅದರ ಅಪಾಯವೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ಹೇಳಿದ ಮೇಲಿನ ಒಪ್ಪಿಗೆಗೆ ಮಾತ್ರ ಬೆಲೆ.

ಇದನ್ನು ನಿಮ್ಮ ಮನೆಗೆ ಅನ್ವಯಿಸಿ ನೋಡಿ. ಭಾವನ ಸಹಿ ಅಕ್ಕನ ಒಪ್ಪಿಗೆಯಾಗುವುದಿಲ್ಲ. ಅಕ್ಕ ಹಾಕಿದ ಸಹಿ ಗರ್ಭಕೋಶಕ್ಕೆ ಮಾತ್ರವೋ, ಅಂಡಾಶಯಗಳಿಗೂ ಸೇರಿಯೋ ಎಂಬುದನ್ನು ಫಾರಂ ನೋಡಿಯೇ ಹೇಳಬೇಕು. ಓದಲು ಬಾರದ ಭಾಷೆಯ ಫಾರಂ ಆಗಿದ್ದರೆ ಅದನ್ನು ಕನ್ನಡದಲ್ಲಿ ವಿವರಿಸಿದವರು ಯಾರು? ಈ ಪ್ರಶ್ನೆಗೆ ಆಸ್ಪತ್ರೆಯವರು ಉತ್ತರಿಸಬೇಕಾಗುತ್ತದೆ. ಕ್ಯಾನ್ಸರಿನ ಭಯ ಹುಟ್ಟಿಸಿ, ಆ ಭಯಕ್ಕೆ ವರದಿಯಲ್ಲಿ ಆಧಾರವೇ ಇಲ್ಲದಿದ್ದರೆ, ಅಂಥ ಒಪ್ಪಿಗೆಯನ್ನು ಅರಿತು ಕೊಟ್ಟದ್ದು ಎನ್ನುವುದು ಕಷ್ಟ. ‘ಆಪರೇಷನ್ ಚೆನ್ನಾಗಿಯೇ ಆಗಿದೆ, ಗಾಯ ಮಾಗಿದೆ, ಮತ್ತೇನು ತಕರಾರು?’ ಎಂದು ಅವರು ಹೇಳಬಹುದು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿದ್ದರೂ ಬೇಡದ ಕಡೆ ಕತ್ತರಿ ಹಾಕಿದ್ದು ತಪ್ಪೇ.

ಆದರೆ ಆಪರೇಷನ್ ಬೇಕಿರಲಿಲ್ಲ ಎಂಬುದನ್ನು ನೀವು ತೋರಿಸಬೇಕು. ‘ನಾನಾಗಿದ್ದರೆ ಮಾತ್ರೆ ಕೊಡುತ್ತಿದ್ದೆ’ ಎಂದು ಇನ್ನೊಬ್ಬ ವೈದ್ಯರು ಹೇಳಿದ ಮಾತ್ರಕ್ಕೆ ಮೊದಲಿನವರ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಒಂದೇ ಕಾಯಿಲೆಗೆ ಒಪ್ಪಬಹುದಾದ ದಾರಿಗಳು ಎರಡಿದ್ದು, ವೈದ್ಯರು ಒಂದನ್ನು ಆರಿಸಿಕೊಂಡಿದ್ದರೆ ನ್ಯಾಯಾಲಯ ಅವರ ಕಡೆಗೇ ನಿಲ್ಲುತ್ತದೆ. ಹೊಣೆಗಾರಿಕೆಯುಳ್ಳ ಯಾವ ತಜ್ಞರೂ ಆ ಸ್ಥಿತಿಯಲ್ಲಿ ಆ ಆಪರೇಷನ್ ಮಾಡುತ್ತಿರಲಿಲ್ಲ ಎಂಬಷ್ಟು ಸ್ಪಷ್ಟವಾಗಬೇಕು. ಅದು ಆಗುವುದು ಕಾಗದಗಳಿಂದ. ಇಂಥ ಪ್ರಕರಣದ ಜೀವ ಇರುವುದೇ ಆಸ್ಪತ್ರೆಯ ಕಡತದಲ್ಲಿ. ಹಾಗಾಗಿ ವಕೀಲರ ಮನೆಗೆ ಹೋಗುವ ಮೊದಲು ಕಡತ ಕೈಗೆ ಬರಬೇಕು.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಅಕ್ಕನ ಹೆಸರಿನಲ್ಲಿ, ಅವರದೇ ಸಹಿಯೊಂದಿಗೆ ಬರೆದು ಕೊಡಿ: ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಒಳರೋಗಿಯಾಗಿದ್ದೆ, ನನ್ನ ನೋಂದಣಿ ಸಂಖ್ಯೆ ಇಷ್ಟು. ಕೇಸ್ ಶೀಟ್, ಒಪ್ಪಿಗೆ ಪತ್ರ, ಅರಿವಳಿಕೆ ದಾಖಲೆ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ನರ್ಸುಗಳ ಟಿಪ್ಪಣಿ, ಎಲ್ಲ ಪರೀಕ್ಷಾ ವರದಿಗಳು, ಬಯಾಪ್ಸಿ ವರದಿ ಹಾಗೂ ಬಿಲ್ಲುಗಳ ದೃಢೀಕೃತ ನಕಲುಗಳನ್ನು ಕೊಡಬೇಕು.’ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ. ದಾಖಲೆ ಕೊಡದಿರುವುದೇ ವೈದ್ಯರ ವೃತ್ತಿ ದುರ್ನಡತೆ ಎನಿಸಿಕೊಳ್ಳುತ್ತದೆ.

ಕಡತ ಬಂದ ಮೇಲೆ ಅವಸರ ಮಾಡದೆ ಓದಿ. ಆಪರೇಷನ್ನಿಗೆ ಮೊದಲಿನ ಸ್ಕ್ಯಾನಿಂಗ್ ವರದಿ, ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ತೆಗೆದ ಅಂಗದ ಬಯಾಪ್ಸಿ ವರದಿ, ಈ ನಾಲ್ಕನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ನಾಲ್ಕೂ ಒಂದೇ ಕಥೆ ಹೇಳುತ್ತವೆಯೇ? ಉದಾಹರಣೆಗೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಔಷಧಿಗೆ ಬಗ್ಗದ ರಕ್ತಸ್ರಾವ’ ಎಂದು ಬರೆದಿದ್ದು, ಅದಕ್ಕೂ ಮೊದಲು ಒಂದೇ ಒಂದು ಔಷಧಿಯ ಚೀಟಿಯಾಗಲಿ ಬಿಲ್ಲಾಗಲಿ ಇಲ್ಲದಿದ್ದರೆ ಯಾವ ಔಷಧಿಗೆ ಬಗ್ಗಲಿಲ್ಲ ಎಂದು ಕೇಳಬಹುದು. ಸ್ಕ್ಯಾನಿಂಗಿನಲ್ಲಿ ಅಂಡಾಶಯಗಳು ಸಹಜವಾಗಿವೆ ಎಂದಿದ್ದು, ಟಿಪ್ಪಣಿಯಲ್ಲಿ ಅವನ್ನು ತೆಗೆದದ್ದಕ್ಕೆ ಕಾರಣವೇ ಕಾಣದಿದ್ದರೆ ಅದನ್ನು ಗುರುತು ಮಾಡಿಕೊಳ್ಳಿ. ಒಪ್ಪಿಗೆ ಪತ್ರದ ಮೇಲಿನ ಹೊತ್ತನ್ನು ಅರಿವಳಿಕೆಯ ದಾಖಲೆಯ ಹೊತ್ತಿನೊಂದಿಗೆ ಹೋಲಿಸಿ. ಖಾಲಿ ಬಿಟ್ಟ ಜಾಗ, ಬೇರೆ ಶಾಯಿಯಲ್ಲಿ ಆಮೇಲೆ ಸೇರಿಸಿದ ಸಾಲು, ತಿದ್ದಿದ ದಿನಾಂಕ ಇವೆಲ್ಲ ಮುಂದೆ ಕೆಲಸಕ್ಕೆ ಬರುತ್ತವೆ. ಮೂಲ ಪ್ರತಿಯ ಮೇಲೆ ನೀವು ಏನನ್ನೂ ಬರೆಯಬೇಡಿ.

ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್ ಇಲ್ಲ ಎಂದಿದ್ದರೆ ಅಷ್ಟರಿಂದಲೇ ಆಪರೇಷನ್ ಬೇಡವಾಗಿತ್ತು ಎಂದು ತೀರ್ಮಾನಿಸಬಾರದು. ಕ್ಯಾನ್ಸರ್ ಅಲ್ಲದ ಗಡ್ಡೆಗಳಿಗೂ ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅಂಗವನ್ನು ಪರೀಕ್ಷೆಗೇ ಕಳಿಸಿರದಿದ್ದರೆ ಅದು ಇನ್ನೊಂದು ಪ್ರಶ್ನೆ. ಕಳಿಸಿದ್ದರೆ ಪ್ರಯೋಗಾಲಯದಲ್ಲಿ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಇರುತ್ತವೆ. ಅವನ್ನು ಉಳಿಸಿಡಿ ಎಂದು ಈಗಲೇ ಬರೆದು ಕೊಡಿ, ಬೇರೆ ತಜ್ಞರು ಮತ್ತೆ ನೋಡಬಹುದು.

ಆಮೇಲೆ ಲಿಖಿತ ಅಭಿಪ್ರಾಯ. ಮಣಿಪಾಲದಲ್ಲಿ ವೈದ್ಯರು ಕೇಳಿದ ಪ್ರಶ್ನೆ ನಿಮ್ಮ ಕಣ್ಣು ತೆರೆಸಿತು, ನಿಜ, ಆದರೆ ಅದು ಚೀಟಿಯಲ್ಲಿ ಬರೆದಿಲ್ಲವಾದರೆ ಸಾಕ್ಷ್ಯವಾಗುವುದಿಲ್ಲ. ಒಂದೇ ಊರಿನ ವೈದ್ಯರು ಒಬ್ಬರ ವಿರುದ್ಧ ಇನ್ನೊಬ್ಬರು ಬರೆದುಕೊಡಲು ಹಿಂಜರಿಯುತ್ತಾರೆ. ಹೊರ ಜಿಲ್ಲೆಯ, ಸಾಧ್ಯವಾದರೆ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಸ್ತ್ರೀರೋಗ ತಜ್ಞರನ್ನು ಕೇಳಿ. ಎಲ್ಲ ಪ್ರಕರಣಕ್ಕೂ ತಜ್ಞರ ವರದಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟಂಥ ಕಣ್ಣಿಗೆ ಕಾಣುವ ತಪ್ಪಿಗೆ ತಜ್ಞರೇನೂ ಬೇಕಿಲ್ಲ. ಆಪರೇಷನ್ ಬೇಕಿತ್ತೇ ಬೇಡವಾಗಿತ್ತೇ ಎಂಬ ಪ್ರಶ್ನೆಗೆ ಮಾತ್ರ ತಜ್ಞರ ಮಾತಿಲ್ಲದೆ ಗೆಲ್ಲುವುದು ಕಷ್ಟ. ನಿಮಗೆ ಯಾರೂ ಸಿಗದಿದ್ದರೆ ತಜ್ಞರ ಅಭಿಪ್ರಾಯ ತರಿಸಿ ಎಂದು ಗ್ರಾಹಕ ಆಯೋಗವನ್ನೇ ಕೋರಬಹುದು.

ದೂರು ಎಲ್ಲಿ ಕೊಡಬೇಕು? ಪರಿಹಾರದ ಹಣ ಬೇಕಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವೇ ನಿಮಗೆ ಸರಿಯಾದ ಜಾಗ ಎಂಬುದು ನನ್ನ ಅಭಿಪ್ರಾಯ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಈಗ ಜಾರಿಯಲ್ಲಿರುವ 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಪರೇಷನ್ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಆಗಿದ್ದರೂ ಇಲ್ಲಿಯೇ ಹಾಕಬಹುದು. ಆಸ್ಪತ್ರೆಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರವಲ್ಲ, ನೀವು ಕಟ್ಟಿದ ಹಣ. ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆಗೆ ಅವಕಾಶ ಕೇಳಬಹುದು, ಮಳೆಗಾಲದಲ್ಲಿ ಹೊಸನಗರದ ಹಳ್ಳಿಯಿಂದ ಹೊರಡುವವರಿಗೆ ಇದು ಸಣ್ಣ ಅನುಕೂಲವಲ್ಲ. ವಕೀಲರಿಲ್ಲದೆಯೂ ವಾದಿಸಬಹುದಾದರೂ ವೈದ್ಯಕೀಯ ಪ್ರಕರಣಕ್ಕೆ ವಕೀಲರಿರುವುದು ಒಳ್ಳೆಯದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಅಕ್ಕನ ಹೆಸರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಸಹಾಯವಾಣಿ 15100.

ಹಣ ಸರ್ಕಾರಿ ಯೋಜನೆಯಿಂದಲೋ ಸಹಕಾರ ಸಂಘದ ಮೂಲಕ ಬರುವ ಯಶಸ್ವಿನಿಯಿಂದಲೋ ಸಂದಾಯವಾಗಿದ್ದರೂ ಹಿಂಜರಿಯಬೇಡಿ. ಬೇರೆಯವರು ಹಣ ಕಟ್ಟಿ ಸೇವೆ ಪಡೆದ ಫಲಾನುಭವಿಯೂ ಗ್ರಾಹಕರೇ ಎಂದು ವಾದಿಸಲು ಕಾಯ್ದೆಯಲ್ಲೇ ಆಧಾರವಿದೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕ ಆಯೋಗ ಸಿಗುವುದಿಲ್ಲ, ಸಿವಿಲ್ ದಾವೆ ಅಥವಾ ಹೈಕೋರ್ಟಿನ ದಾರಿ ಹಿಡಿಯಬೇಕು. ಅಲ್ಲಿನ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಕೇಳಬಹುದು.

ವೈದ್ಯರ ನೋಂದಣಿಯ ಮೇಲೆ ಕ್ರಮ ಬೇಕಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬೇಕು. ಅದು ಎಚ್ಚರಿಕೆ ಕೊಡಬಹುದು, ಹೆಸರನ್ನು ಕೆಲಕಾಲ ನೋಂದಣಿಯಿಂದ ತೆಗೆಯಬಹುದು, ಪರಿಹಾರ ಮಾತ್ರ ಕೊಡಿಸುವುದಿಲ್ಲ. ದಾಖಲೆ ಕೊಡದಿರುವುದು, ಬಿಲ್ಲಿನ ಗೊಂದಲ, ರೋಗಿಗಳ ಹಕ್ಕಿನ ಉಲ್ಲಂಘನೆ ಇಂಥವಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ, ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಿ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿಷಯವನ್ನು ಆಡಳಿತ ಹಗುರವಾಗಿ ನೋಡುವಂತಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು 2017ರಲ್ಲಿ ಬೀದಿಗಿಳಿದದ್ದು ಇದೇ ಅನ್ಯಾಯದ ವಿರುದ್ಧ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಪ್ರಕರಣ ಮುಂದಿಟ್ಟುಕೊಂಡು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿದೆ. ದೂರಿನಲ್ಲಿ ಇದನ್ನು ಉಲ್ಲೇಖಿಸಿ.

ಪೊಲೀಸ್ ದೂರು? ಎಲ್ಲರಿಗೂ ಮೊದಲು ನೆನಪಾಗುವುದು ಠಾಣೆ. ಜೇಕಬ್ ಮ್ಯಾಥ್ಯೂ ಪ್ರಕರಣದ 2005ರ ತೀರ್ಪಿನಂತೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯ ಅತಿ ಗಂಭೀರವಾಗಿರಬೇಕು, ಪೊಲೀಸರು ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು. ಸುಳ್ಳು ವರದಿ ಸೃಷ್ಟಿಸಿದ್ದು ಅಥವಾ ದಾಖಲೆ ತಿದ್ದಿದ್ದು ಗೊತ್ತಾದರೆ ವಂಚನೆ, ಫೋರ್ಜರಿಯ ದೂರು ಕೊಡಬಹುದು. ಆಸ್ಪತ್ರೆಗೆ ಹತ್ತು ಜನರನ್ನು ಕಟ್ಟಿಕೊಂಡು ಹೋಗಿ ಗಲಾಟೆ ಮಾತ್ರ ಮಾಡಬೇಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯ ವಿರುದ್ಧ ರಾಜ್ಯದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯಿದೆ, ಅನ್ಯಾಯಕ್ಕೊಳಗಾದ ನೀವೇ ಆರೋಪಿಗಳಾಗುತ್ತೀರಿ.

ನನ್ನ ಆತಂಕವಿರುವುದು ದಿನಗಳ ಬಗ್ಗೆ. ಗ್ರಾಹಕ ದೂರಿಗೆ ಕಾಲಮಿತಿ 2 ವರ್ಷ. ‘ಕೊನೆ ಕೊಯ್ಲು ಮುಗಿಯಲಿ, ಅಡಿಕೆ ಮಾರಿದ ದುಡ್ಡು ಬರಲಿ’ ಎಂದು ಮುಂದೂಡುತ್ತ ಹೋದರೆ ಒಂದು ಸುಗ್ಗಿಯಲ್ಲೇ ನಾಲ್ಕು ತಿಂಗಳು ಕಳೆಯುತ್ತದೆ. ತಪ್ಪು ತಿಳಿದ ದಿನದಿಂದ ಲೆಕ್ಕ ಎಂದು ವಾದಿಸಲು ಅವಕಾಶವಿದೆ, ಆದರೆ ಅದನ್ನು ನಂಬಿ ಕೂರಬೇಡಿ. 1993ರಲ್ಲಿ ಪಿತ್ತಕೋಶದ ಆಪರೇಷನ್ ಆದ ಮಹಿಳೆಯೊಬ್ಬರ ಹೊಟ್ಟೆಯಲ್ಲಿ 2002ರಲ್ಲಿ ಗಾಜ್ ಬಟ್ಟೆ ಸಿಕ್ಕಿತು. ಅವರು 2004ರಲ್ಲಿ ಕೊಟ್ಟ ದೂರು ಕಾಲಮಿತಿ ಮೀರಿದೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತಳ್ಳಿಹಾಕಿತು. ಅಷ್ಟು ವರ್ಷ ನೋವಿದ್ದರೂ ಕಾರಣ ಹುಡುಕಲಿಲ್ಲವೇಕೆ ಎಂಬುದು ನ್ಯಾಯಾಲಯದ ಪ್ರಶ್ನೆ. ನಿಮಗೆ ಉಳಿದಿರುವುದು ಹತ್ತು ತಿಂಗಳು ಎಂದೇ ಎಣಿಸಿ, ದಾಖಲೆಗೆ ಈ ವಾರವೇ ಅರ್ಜಿ ಕೊಡಿ.

ಎಷ್ಟು ಪರಿಹಾರ ಸಿಗುತ್ತದೆ ಎಂದು ಯಾರಾದರೂ ಮೊತ್ತ ಹೇಳಿ ಆಸೆ ಹುಟ್ಟಿಸಿದರೆ ನಂಬಬೇಡಿ. ಸಮೀರಾ ಕೊಹ್ಲಿ ಕೇಳಿದ್ದು 25 ಲಕ್ಷ, ಸಿಕ್ಕಿದ್ದು 25 ಸಾವಿರ, ಜೊತೆಗೆ ವೈದ್ಯರಿಗೆ ಶುಲ್ಕ ಪಡೆಯುವ ಹಕ್ಕಿಲ್ಲವೆಂಬ ಆದೇಶ. ನನಗೆ ಆ ಮೊತ್ತ ಅನ್ಯಾಯವೆಂದೇ ಕಾಣುತ್ತದೆ. ಅಕ್ಕನ ನಷ್ಟವನ್ನು ಕಾಗದದಲ್ಲಿ ತೋರಿಸುವುದು ಇದಕ್ಕೇ ಮುಖ್ಯ. ಎರಡೂ ಅಂಡಾಶಯ ತೆಗೆದರೆ ಅಂದಿನಿಂದಲೇ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಶುರುವಾಗುತ್ತವೆ, ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ತಜ್ಞರಿಗೆ ತೋರಿಸಿ ಮೂಳೆಯ ಸಾಂದ್ರತೆ ಪರೀಕ್ಷೆ, ಹಾರ್ಮೋನು ಚಿಕಿತ್ಸೆಯ ಬಗ್ಗೆ ಕೇಳಿ. ಮೊಕದ್ದಮೆ ಇರಲಿ ಬಿಡಲಿ, ಇದು ಅವರ ಆರೋಗ್ಯಕ್ಕೆ ತಡವಿಲ್ಲದೆ ಆಗಬೇಕಾದ ಕೆಲಸ. ಆ ಚೀಟಿಗಳು, ಔಷಧಿಯ ಬಿಲ್ಲು, ತೋಟದ ಕೆಲಸಕ್ಕೆ ಹೋಗಲಾಗದೆ ಆಳಿಗೆ ಕೊಟ್ಟ ಕೂಲಿಯ ಲೆಕ್ಕ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ.

ನೋಟಿಸ್ ಹೋದ ಮೇಲೆ ಆಸ್ಪತ್ರೆಯ ಕಡೆಯವರು, ಹೆಚ್ಚಾಗಿ ಪರಿಚಯದವರೊಬ್ಬರ ಮೂಲಕ, ಮಾತುಕತೆಗೆ ಕರೆಯಬಹುದು. ಹೋಗುವುದು ತಪ್ಪಲ್ಲ. ಅಲ್ಲಿ ಕೊಡುವ ಕಾಗದದಲ್ಲಿ ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂಬ ಒಂದು ಸಾಲಿದ್ದರೆ ಉಳಿದ ದಾರಿಗಳೂ ಮುಚ್ಚಬಹುದು. ಸಹಿ ಹಾಕಬೇಕಾದವರು ಅಕ್ಕ, ಭಾವನಲ್ಲ. ಅಲ್ಲೇ ಕುಳಿತು ಸಹಿ ಹಾಕದೆ ಕಾಗದವನ್ನು ಮನೆಗೆ ತಂದು, ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರಿಗೆ ಓದಿಸಿ, ಆಮೇಲೆ ಅಕ್ಕನೇ ನಿರ್ಧರಿಸಲಿ.